ವರ್ಷ ಕೇಳುವ ಪುಟ್ಟಯ್ಯನವರು

ಪುಟ್ಟಯ್ಯನವರು ಎದುರಿಗೆ ಬಂದ ಯಾವುದರ ಹೆಸರನ್ನೂ ಕೇಳುತ್ತಿರಲಿಲ್ಲ, ವರ್ಷ ಕೇಳುತ್ತಿದ್ದರು. ಮನೆಯ ಫ್ರಿಜ್ಜು ಕೆಟ್ಟಿತೆಂದು ಗೋಳಾಡಿದರೆ ‘ಅದಿರ್ಲಿ, ಯಾವ ವರ್ಷದ್ದು?’, ಮಗಳಿಗೆ ಗಂಡು ಗೊತ್ತಾಯಿತೆಂದು ಹಿಗ್ಗಿದರೆ ‘ಅದಿರ್ಲಿ, ಹುಡುಗ ಯಾವ ವರ್ಷದವನು?’ ನನ್ನ ಮಗ ಹುಟ್ಟಿದ ದಿನ ಕುವೈತಿನ ಜಾಬ್ರಿಯಾದ ಆಸ್ಪತ್ರೆಗೆ ಕಿತ್ತಳೆಯ ಚೀಲ ಹಿಡಿದು ಬಂದವರು ತೊಟ್ಟಿಲಿಗೆ ಬಗ್ಗಿ, ಕೂಸಿನ ಮುಖವನ್ನು ಸುಮ್ಮನೆ ದಿಟ್ಟಿಸಿ, ‘ಒಳ್ಳೇ ವರ್ಷ ಕಣಯ್ಯ’ ಎಂದು ಪ್ರಮಾಣಪತ್ರ ಕೊಟ್ಟು ಹೊರಟುಹೋದರು. ನನ್ನ ಹೆಂಡತಿ ಹೊಲಿಗೆಯ ನೋವಿನಲ್ಲೂ ನಕ್ಕಳು.

ಮಂಡ್ಯ ಸೀಮೆಯವರು, ಮೆಕ್ಯಾನಿಕಲ್ ಎಂಜಿನಿಯರು, ಕುವೈತಿನ ಒಂದು ದೊಡ್ಡ ಕಟ್ಟಡ ಸಮೂಹದ ತಂಪು ಯಂತ್ರಗಳನ್ನು ಕಾಯುವ ಉದ್ಯೋಗದಲ್ಲಿ ತಲೆಗೂದಲನ್ನೆಲ್ಲ ಕಳೆದುಕೊಂಡವರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸೊಂಟದಿಂದ ಮುಂದಕ್ಕೆ ತುಸು ಬಾಗಿ, ನೆಲದ ಮೇಲೆ ಯಾರೋ ಸೋರಿಸಿಹೋದ ಎಣ್ಣೆಯ ಜಾಡನ್ನೇ ಹುಡುಕುವವರಂತೆ ನಡೆಯುವುದು ಅವರ ರೀತಿ. ಕಾಫಿ ಬಣ್ಣದ ಒಂದು ತೋಳಿಲ್ಲದ ಸ್ವೆಟರು, ಆಫೀಸಿನ ಎ.ಸಿ.ಗೆಂದು ತೊಟ್ಟದ್ದನ್ನು ಆಗಸ್ಟಿನ ನಡುಹಗಲಿನ ರಿಗ್ಗೈ ಬೀದಿಯಲ್ಲೂ ಕಳಚುತ್ತಿರಲಿಲ್ಲ. ‘ಮತ್ತೆ ಒಳಗೆ ಹೋಗ್ಲೇಬೇಕಲ್ಲ, ಬಿಚ್ಚೋದ್ಯಾಕೆ’ ಎನ್ನುವರು. ಆ ಬೆವರನ್ನು ನೋಡಿಯೇ ನಮಗೆ ಬೆವರುತ್ತಿತ್ತು.

ಈ ವರ್ಷದ ವ್ಯಾಮೋಹಕ್ಕೆ ಮೂಲ ಗಾಡಿಗಳು. ಕುವೈತಿನ ಕನ್ನಡಿಗರಲ್ಲಿ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳಹೊರಟವನು ಮೊದಲು ಹೆಂಡತಿಯನ್ನು ಕೇಳುತ್ತಿದ್ದನೋ ಇಲ್ಲವೋ, ಪುಟ್ಟಯ್ಯನವರನ್ನಂತೂ ಕೇಳಿಯೇ ಕೊಳ್ಳುತ್ತಿದ್ದ. ಗಾಡಿಯ ನೋಂದಣಿ ಪತ್ರದ ಚಿತ್ರವನ್ನು ಫೋನಿಗೆ ಕಳಿಸಿದರೆ ಸಾಕು, ತೀರ್ಪು ಮರಳಿ ಬರುತ್ತಿತ್ತು: ‘ತಗೊಂಡ್ಬುಡು’ ಅಥವಾ ‘ಮುಟ್ಬೇಡ’. ಅವರ ಸಿದ್ಧಾಂತ ಸರಳವಾದದ್ದು, ಬಹುಮಟ್ಟಿಗೆ ನಿಜವಾದದ್ದೂ ಹೌದು. ಹೊಸ ಎಂಜಿನ್ನು ಹೊರಬಂದ ಮೊದಲ ವರ್ಷವೆಂದರೆ ಕಂಪನಿಯವರು ನಮ್ಮ ಖರ್ಚಿನಲ್ಲಿ ಪಾಠ ಕಲಿಯುವ ವರ್ಷ. ಎರಡನೆಯದರಲ್ಲಿ ಕಲಿತದ್ದನ್ನು ಮುಚ್ಚಿಕೊಳ್ಳುತ್ತಾರೆ. ಮೂರು ನಾಲ್ಕರ ಹೊತ್ತಿಗೆ ಎಂಜಿನ್ನು ಹದಕ್ಕೆ ಬರುತ್ತದೆ. ಆಮೇಲೆ ಲಾಭದ ದುರಾಸೆ ಒಳಹೊಕ್ಕು ಅಲ್ಲೊಂದು ಉಕ್ಕಿನ ತುಂಡಿನ ಜಾಗಕ್ಕೆ ಪ್ಲಾಸ್ಟಿಕ್ಕು ಬರುತ್ತದೆ. ಹೀಗಾಗಿ ಗಾಡಿ ಎಷ್ಟು ಓಡಿದೆ, ಯಾರು ಓಡಿಸಿದ್ದರು ಎಂಬುದೆಲ್ಲ ಅವರ ಮಟ್ಟಿಗೆ ಹರಟೆ. ಬಾನೆಟ್ ಎತ್ತಿ ಇಣುಕುವುದನ್ನಂತೂ ಅವಮಾನವೆಂದೇ ಎಣಿಸುತ್ತಿದ್ದರು.

ಒಮ್ಮೆ ಕೊಟ್ಟ ತೀರ್ಪನ್ನು ಹಿಂತೆಗೆದುಕೊಂಡ ಚರಿತ್ರೆಯೇ ಇಲ್ಲ. ಹವಲ್ಲಿಯಲ್ಲಿ ಹೋಟೆಲು ನೋಡಿಕೊಳ್ಳುವ ದೇಜಪ್ಪಣ್ಣ ಇವರ ‘ಮುಟ್ಬೇಡ’ವನ್ನು ಮೀರಿ ಮೊದಲ ವರ್ಷದ ಗಾಡಿಯೊಂದನ್ನು ಕೊಂಡಿದ್ದರು. ಅದು ಒಂದು ದಿನವೂ ಕೆಮ್ಮದೆ ವರ್ಷಗಟ್ಟಲೆ ಓಡಿತು. ‘ಎಂತ ಪುಟ್ಟಯ್ಯನವರೇ, ನನ್ನ ಗಾಡಿ ಇನ್ನೂ ಸಾಯ್ಲಿಲ್ಲವಲ್ಲ ಮಾರಾಯ್ರೆ?’ ಎಂದು ದೇಜಪ್ಪಣ್ಣ ಕೆಣಕಿದಾಗಲೆಲ್ಲ ಇವರು ಎಳ್ಳಷ್ಟೂ ನಗದೆ, ‘ಟೈಮ್ ಇದೆ’ ಎನ್ನುತ್ತಿದ್ದರು. ಅದನ್ನೂ ನಾವು ತಮಾಷೆಯ ಲೆಕ್ಕಕ್ಕೇ ಹಾಕಿಕೊಂಡೆವು.

ನಮ್ಮ ಕಟ್ಟಡದಲ್ಲೇ, ಮೂರನೇ ಮಹಡಿಯಲ್ಲಿ ರಾಜೀವನ ಸಂಸಾರವಿತ್ತು. ರಾಜೀವ ಬ್ಯಾಂಕೊಂದರ ಐ.ಟಿ. ವಿಭಾಗದವನು, ಹೆಂಡತಿ ಪಾವನಾ ಆಸ್ಪತ್ರೆಯ ಲ್ಯಾಬಿನವಳು, ಶಾಲೆಗೆ ಹೋಗುವ ಮಗಳು ನಿಧಿ. ಪುಟ್ಟಯ್ಯನವರಿಗೆ ಮಕ್ಕಳಿಲ್ಲ, ರಾಜೀವನನ್ನು ಕಂಡರೆ ಅವರ ದನಿ ಮೆತ್ತಗಾಗುತ್ತಿದ್ದುದನ್ನು ನಾವೆಲ್ಲ ಬಲ್ಲೆವು. ಹವಲ್ಲಿಯ ಒಬ್ಬನು ಮಾರಲಿಟ್ಟಿದ್ದ ಎರಡು ಸಾವಿರದ ಹದಿನಾರರ ಗಾಡಿಯೊಂದನ್ನು ರಾಜೀವ ಮೆಚ್ಚಿಕೊಂಡ. ಪುಟ್ಟಯ್ಯನವರ ಪಂಚಾಂಗದಲ್ಲಿ ಹದಿನಾರೆಂದರೆ ಆ ಎಂಜಿನ್ನಿನ ಅಮೃತಘಳಿಗೆ. ಪಾವನಾ ಮಾತ್ರ, ‘ಒಂದ್ಸಲ ಗ್ಯಾರೇಜಲ್ಲಿ ಬಿಚ್ಚಿ ತೋರಿಸೋಣ ಸರ್, ಸಮಾಧಾನಕ್ಕೆ’ ಎಂದಳು.

‘ಹದಿನಾರರ ಎಂಜಿನ್ನಿಗೆ ತಪಾಸಣೆಯಾ? ಹೆತ್ತ ತಾಯಿ ಹತ್ರ ಗುರುತಿನ ಚೀಟಿ ಕೇಳ್ತೀಯೇನಮ್ಮ? ಸುಮ್ನೆ ತಗೊಳ್ಳಿ. ನಾನಿದ್ದೀನಿ.’

ಎಲ್ಲರೂ ನಕ್ಕರು. ಪಾವನಾ ಮುಖ ಕೆಂಪಗೆ ಮಾಡಿಕೊಂಡು ತಾನೂ ನಕ್ಕಳು. ಗಾಡಿ ಬಂತು.

ಒಂದು ಬೇಸಿಗೆ ದಾಟಿ ಇನ್ನೊಂದು ಬೇಸಿಗೆ ಬಂದಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ರಾಜೀವ ಒಬ್ಬನೇ ದಕ್ಷಿಣದ ಹೆದ್ದಾರಿಯಲ್ಲಿ ಬರುತ್ತಿರುವಾಗ ಎಂಜಿನ್ನು ಓಡುತ್ತಿದ್ದಂತೆಯೇ ಬಿಗಿದುಕೊಂಡು, ನಡುರಸ್ತೆಯಲ್ಲಿ ಗಾಡಿ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಲಾರಿಯವನಿಗೆ ನಿಲ್ಲಿಸಲಾಗಲಿಲ್ಲ. ಅಷ್ಟೇ. ಅಷ್ಟರಲ್ಲಿ ಒಂದು ಮನೆ ಮುಗಿಯಿತು.

ವಿಮೆಯವರ ಪರೀಕ್ಷಕ ಎಂಜಿನ್ನಿನಲ್ಲಿ ಎಣ್ಣೆಯ ಪಸೆಯೇ ಇರಲಿಲ್ಲವೆಂದ. ಆ ಮಾತು ಪಾವನಾಳ ಎದೆಯಲ್ಲಿ ನೆಟ್ಟು ನಿಂತಿತು. ಏಕೆಂದರೆ ಅದರ ಹಿಂದಿನ ಶುಕ್ರವಾರವೇ ರಾಜೀವ ಆಯಿಲ್ ಬದಲಿಸಲು ಹೊರಟಿದ್ದ. ನಿಧಿಯ ಹುಟ್ಟುಹಬ್ಬ, ಮನೆ ತುಂಬ ಮಕ್ಕಳು, ಮುಂದಿನ ವಾರ ಹೋದರಾಯಿತೆಂದು ತಡೆದವಳು ತಾನೇ. ಸಮಾಧಾನ ಹೇಳಲು ಬಂದವರಿಗೆಲ್ಲ ಅವಳು ಹೇಳಿದ್ದು ಒಂದೇ: ‘ನಾನೇ ಬೇಡ ಅಂದಿದ್ದು.’ ಅಳಲೂ ಇಲ್ಲ.

ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ರಾಜೀವನ ಶವಪೆಟ್ಟಿಗೆಗಾಗಿ ಕಾಯುತ್ತ ನಿಂತಿದ್ದೆವು. ಪುಟ್ಟಯ್ಯನವರ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಅದು ನಟನೆಯಲ್ಲ, ದೇವರಾಣೆಗೂ ಅಲ್ಲ. ಆದರೆ ನನ್ನ ತೋಳು ಹಿಡಿದು ಪಕ್ಕಕ್ಕೆಳೆದು ಅವರು ಪಿಸುಗುಟ್ಟಿದ್ದು, ‘ಹದಿನಾರರ ಎಂಜಿನ್ನು ಹಿಂಗ್ ಮಾಡಲ್ಲ ಕಣಯ್ಯ. ಮಾಡೋಕ್ಕಾಗಲ್ಲ.’

ಪಾವನಾ ಮಗಳೊಡನೆ ಪೆಟ್ಟಿಗೆಯ ಜೊತೆ ಊರಿಗೆ ಹೋದಳು. ಇತ್ತ ಪುಟ್ಟಯ್ಯನವರಿಗೆ ಅನ್ನ ಸೇರದು, ನಿದ್ದೆ ಬಾರದು. ಕೊನೆಗೆ ಒಂದು ಬೆಳಿಗ್ಗೆ ಆ ನಜ್ಜುಗುಜ್ಜಾದ ಗಾಡಿ ಬಿದ್ದಿದ್ದ ಗುಜರಿ ಅಂಗಳಕ್ಕೆ ಹೊರಟರು. ಅಲ್ಲಿ ಹಳೆಯ ಬಿಡಿಭಾಗಗಳ ವ್ಯಾಪಾರ ಮಾಡುವ, ಮಂಗಳೂರು ಕಡೆಯ ಬಾವಾಕುಂಞಿ ಟಾರ್ಚು ಹಿಡಿದ. ಜೀವಮಾನದಲ್ಲಿ ಪರರ ಬಾನೆಟ್ಟಿನ ಕೆಳಗೆ ತಲೆ ತೂರಿಸದಿದ್ದ ಪುಟ್ಟಯ್ಯನವರು ಅಂದು ಆ ಸ್ವೆಟರಿನಲ್ಲೇ ಮೊಣಕಾಲೂರಿ, ಎಂಜಿನ್ನಿನ ಮೈಮೇಲಿನ ಮಸಿಯನ್ನು ಕೈವಸ್ತ್ರದಿಂದ ಉಜ್ಜಿ ಉಜ್ಜಿ, ಕಾರ್ಖಾನೆಯವರು ಒತ್ತಿದ್ದ ಸಂಖ್ಯೆಯನ್ನು ಓದಿದರು. ಅದು ಹದಿನಾರರ ಎಂಜಿನ್ನೇ ಅಲ್ಲ. ಹದಿಮೂರರದು, ಮೊಟ್ಟಮೊದಲ ವರ್ಷದ್ದು. ಯಾರೋ ಪುಣ್ಯಾತ್ಮ ಬೇರೆ ಗಾಡಿಯಿಂದ ಕಿತ್ತ, ಎಣ್ಣೆ ಕುಡಿಯುವ ಸವಕಲು ಎಂಜಿನ್ನನ್ನು ಹದಿನಾರರ ಮೈಯೊಳಗೆ ಕೂರಿಸಿ ಮಾರಿದ್ದ. ನೋಂದಣಿ ಪತ್ರದಲ್ಲಿ ಬರೆದದ್ದು ಮೈಯ ವರ್ಷ.

ಆಮೇಲಿನದನ್ನು ಬಾವಾಕುಂಞಿ ನನಗೆ ಬಹಳ ತಡವಾಗಿ ಹೇಳಿದ. ‘ಅವರು ನಕ್ಕದ್ದು ಸಾರ್. ನನ್ನ ಕೈ ಹಿಡ್ಕೊಂಡು ಕುಲುಕಿದ್ರು, “ನಾನು ಹೇಳ್ಲಿಲ್ವಾ, ನಾನು ಹೇಳ್ಲಿಲ್ವಾ” ಅಂತ. ಚಾ ತರಿಸಿದ್ರು. ಸೀಟಲ್ಲಿ ರಕ್ತ ಒಣಗಿ ಇತ್ತು, ನನಗೆ ಚಾ ಇಳೀಲಿಲ್ಲ.’

ಪುಟ್ಟಯ್ಯನವರು ಮನೆಗೆ ಬಂದು ಆ ವಿಜಯವಾರ್ತೆಯನ್ನು ಹೆಂಡತಿ ವೇದಾವತಮ್ಮನಿಗೂ ಹೇಳಿ, ಅಂದು ಹೊಟ್ಟೆ ತುಂಬ ಉಂಡರಂತೆ. ಇನ್ನೊಬ್ಬರಿಗೆ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಎಂಜಿನ್ನು ಬೇರೆಯದೆಂದರೆ, ಅದನ್ನು ಮೊದಲೇ ಏಕೆ ನೋಡಲಿಲ್ಲವೆಂಬ ಪ್ರಶ್ನೆ ಬೆನ್ನಿಗೇ ಬರುತ್ತಿತ್ತು.

ಮನೆ ಖಾಲಿ ಮಾಡಿ ಹೋಗಲು ಪಾವನಾ ಹಿಂದಿರುಗಿದಳು. ನಾನು ಪೆಟ್ಟಿಗೆಗಳಿಗೆ ಟೇಪು ಸುತ್ತಿಕೊಡುತ್ತಿದ್ದೆ. ಊಟದ ಕ್ಯಾರಿಯರು ಹಿಡಿದು ವೇದಾವತಮ್ಮ ಬಂದರು; ಹಿಂದೆಯೇ, ಕೈಕಟ್ಟಿಕೊಂಡು, ಪುಟ್ಟಯ್ಯನವರು. ಕುರ್ಚಿಗಳೆಲ್ಲ ಮಾರಾಟವಾಗಿದ್ದವು, ನಿಂತೇ ಮಾತಾಡಿದರು.

‘ಒಂದು ಮಾತು ಹೇಳ್ಬೇಕಮ್ಮ. ರಾಜೀವ ತಗೊಂಡ ವರ್ಷ ಸರಿಯಾದ್ದೇ. ವರ್ಷದಲ್ಲಿ ಏನೂ ತಪ್ಪಿರ್ಲಿಲ್ಲ.’

ಪಾವನಾ ಕೈಯಲ್ಲಿದ್ದ ನಿಧಿಯ ಬಟ್ಟೆಗಳನ್ನು ಪೆಟ್ಟಿಗೆಯೊಳಗಿಟ್ಟಳು. ‘ಹಾಗಿದ್ರೆ ಆಯಿಲ್ ಹಾಕಿಸದೇ ಇದ್ದಿದ್ದಕ್ಕೇ ಅಲ್ವಾ ಸರ್ ಆಗಿದ್ದು? ನೀವು ಹೇಳಿ. ನಿಮಗೆ ಗೊತ್ತಿರುತ್ತೆ.’

ಒಂದು ವಾರ ತಡವಾದರೆ ಸಾಯುವ ಎಂಜಿನ್ನು ಲೋಕದಲ್ಲೇ ಇಲ್ಲವೆಂದು ಈ ಪುಟ್ಟಯ್ಯನವರೇ ನೂರು ಸಲ ಹೇಳಿದ್ದನ್ನು ನಾನು ಕೇಳಿದ್ದೆ. ಈಗಲೂ ಅದನ್ನೇ ಹೇಳುವರೆಂದು ಅವರ ಮುಖ ನೋಡಿದೆ. ಅವರು ಸ್ವೆಟರಿನ ಅಂಚನ್ನು ಎಳೆದುಕೊಂಡರು. ಗೋಡೆ ನೋಡಿದರು.

‘ಎಣ್ಣೆ ಮುಖ್ಯನಮ್ಮ,’ ಎಂದರು.

ಅಯ್ಯೋ, ಮನುಷ್ಯನೇ! ಪಾವನಾ ತಲೆಯಾಡಿಸಿದಳು, ಬಹುಕಾಲದಿಂದ ಕಾದಿದ್ದ ಶಿಕ್ಷೆಯನ್ನು ಒಪ್ಪಿಕೊಂಡವಳ ಹಾಗೆ. ಆಗ ವೇದಾವತಮ್ಮ ಕ್ಯಾರಿಯರನ್ನು ನೆಲಕ್ಕಿಟ್ಟರು. ಗಂಡನಿಗೆ ನಾಲ್ಕು ಜನರೆದುರು ಎದುರಾಡಿದ ಹೆಂಗಸಲ್ಲ ಆಕೆ.

‘ಅವರನ್ನ ನೋಡ್ಬೇಡ ಮಗೂ, ನನ್ನ ನೋಡು. ಅದು ಆ ಗಾಡಿ ಎಂಜಿನ್ನೇ ಅಲ್ಲ. ಯಾರೋ ಹಳೇದು ತಂದು ಕೂರ್ಸಿದ್ರು. ಇವರು ಹೋಗಿ ನಂಬರ್ ನೋಡ್ಕೊಂಡು ಬಂದು ಎಷ್ಟೋ ದಿನ ಆಯ್ತು. ನೀನು ಎಣ್ಣೆ ಹಾಕ್ಸಿದ್ರೂ ಅದು ಕುಡ್ಕೊಂಡು ಸಾಯೋದೇ. ನೀನವತ್ತು ಗ್ಯಾರೇಜಿಗೆ ತೋರ್ಸೋಣ ಅಂದ್ಯಲ್ಲ, ತೋರ್ಸಿದ್ರೆ ಅವತ್ತೇ ಸಿಕ್ಕಿಬೀಳ್ತಿತ್ತು. ತೋರ್ಸೋಕೆ ಬಿಡ್ಲಿಲ್ಲ ಇವರು.’

ಪಾವನಾ ಪುಟ್ಟಯ್ಯನವರ ಕಡೆ ತಿರುಗಿದಳು. ‘ನಿಮಗೆ ಗೊತ್ತಿತ್ತಾ ಸರ್?’

‘ಅದನ್ನೇ ಅಲ್ವಾಮ್ಮ ನಾನೂ ಹೇಳಿದ್ದು,’ ಎಂದರು ಪುಟ್ಟಯ್ಯನವರು. ದನಿಯಲ್ಲಿ ಕಪಟವಿರಲಿಲ್ಲ, ನಿಜವಾದ ನೋವಿತ್ತು, ಅದೇ ಭಯಂಕರ. ‘ವರ್ಷದಲ್ಲಿ ತಪ್ಪಿರ್ಲಿಲ್ಲ ಅಂತ.’

ಅವಳು ಗೋಡೆಗೊರಗಿ ಕೂತಳು. ಗಂಡ ಸತ್ತಂದಿನಿಂದ ತಡೆದಿದ್ದ ಅಳು ಆಗ ಬಂತು. ಅದರ ನಡುವೆಯೇ ಹೇಳಿದಳು: ‘ಆಂಟಿ, ಅವರನ್ನ ಕರ್ಕೊಂಡು ಹೋಗಿ.’

ಅವಳು ಹೋದಳು. ಪುಟ್ಟಯ್ಯನವರು ಇದ್ದಾರೆ. ಈಗಲೂ ಫೋನಿಗೆ ಗಾಡಿಗಳ ಚಿತ್ರಗಳು ಬರುತ್ತವೆ, ಜನಕ್ಕೆ ಯಾರಾದರೂ ಒಬ್ಬರು ‘ತಗೊಂಡ್ಬುಡು’ ಅನ್ನಬೇಕಷ್ಟೆ. ತೀರ್ಪಿಗೆ ಒಂದು ಬಾಲ ಅಂಟಿಕೊಂಡಿದೆ: ‘ವರ್ಷ ಸರಿ ಇದೆ. ಎಂಜಿನ್ ಅದೇನಾ ಅಂತ ನೀನೇ ನೋಡ್ಕೋ.’ ವೇದಾವತಮ್ಮ ಈಗ ಗಂಡನ ಗಾಡಿಯಲ್ಲಿ ಅವರ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಏಕೆಂದು ಯಾರೂ ಕೇಳಿಲ್ಲ.

ಈ ಜಾತಿಯ ಮನುಷ್ಯರನ್ನು ಅಲ್ಲಿ ಇಲ್ಲಿ ಕಂಡಿದ್ದೇನೆ. ಕಾಯಿಲೆಗೆ ಹಣ್ಣು ತರುತ್ತಾರೆ, ಸಾವಿಗೆ ಹೆಗಲು ಕೊಡುತ್ತಾರೆ, ಪರರ ಸೊತ್ತಿಗೆ ಕೈಚಾಚಿದವರಲ್ಲ. ಆದರೆ ಎಂದೋ ಒಮ್ಮೆ ಅವರಿಗೊಂದು ಸತ್ಯ ಸಿಕ್ಕಿರುತ್ತದೆ, ಬಾಳಿನಲ್ಲಿ ಸ್ವಂತದ್ದೆಂದು ಹೇಳಿಕೊಳ್ಳಲು ಉಳಿದ ಒಂದೇ ಒಂದು. ಆಮೇಲೆ ಯಾರ ಮನೆ ಕುಸಿದರೂ ಅವರು ಮೊದಲು ಓಡಿಹೋಗಿ ನೋಡುವುದು ತಮ್ಮ ಸತ್ಯ ಭದ್ರವಾಗಿದೆಯೇ ಎಂದು. ಅದು ಭದ್ರವಾಗಿದ್ದರೆ, ಕೆಳಗೆ ಸಿಕ್ಕಿಕೊಂಡು ನರಳುವವರ ದನಿ ಅವರ ಕಿವಿಗೆ ಬೀಳುವುದಿಲ್ಲ. ಇಂಥವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ರಾಜೀವ ಅವರ ಮಾತನ್ನು ನಂಬುತ್ತಿರಲಿಲ್ಲ.