ಸೋಮವಾರದ ಫೋಟೊ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ರಾಯದುರ್ಗದಲ್ಲಿ ಮೂವತ್ತೊಂದು ವರ್ಷದಿಂದ ಸುಟ್ಟ ಮೋಟಾರಿಗೆ ತಂತಿ ಸುತ್ತಿ ಕಟ್ಟುತ್ತಿದ್ದೇನೆ. ಬೊಮ್ಮನಹಾಳಿನಿಂದ ಓಬಳಾಪುರದವರೆಗೆ ಯಾರ ಬೋರಿನ ಮೋಟಾರು ಸುಟ್ಟರೂ ಟ್ರ್ಯಾಕ್ಟರಿಗೆ ಹಾಕಿಕೊಂಡು ಈ ಯರ್ರಿಸ್ವಾಮಿಯ ಅಂಗಡಿಗೇ ತರುತ್ತಾರೆ. ಅಂಥವನಿಗೆ ಹೆತ್ತ ಮಗಳೇ "ಅಪ್ಪಾ, ನೀನು ಏನೂ ಮುಟ್ಟಬ್ಯಾಡ" ಅಂದರೆ ಮೈ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ಮಗಳು ರೇವತಿ. ಮೀನುಗಾರಿಕೆ ಓದಿ ಮಡಕಶಿರಾದಲ್ಲಿ ಮೀನು ಇಲಾಖೆಯ ಕೆಲಸ ಹಿಡಿದಿದ್ದಾಳೆ. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆ. ಶನಿವಾರ ಸಂಜೆ ಬಸ್ಸು ಹಿಡಿದು ಬರುತ್ತಾಳೆ. ಅಪ್ಪ ಅಮ್ಮನ ಮುಖ ನೋಡುವುದಕ್ಕೆ ಅಂದುಕೊಂಡರೆ ಕೆಟ್ಟಿರಿ. ಚಪ್ಪಲಿ ಬಿಡುವ ಮೊದಲೇ ಪಡಸಾಲೆಯ ಗಾಜಿನ ತೊಟ್ಟಿಯ ಮುಂದೆ ಕೂರುತ್ತಾಳೆ. ನಾಲ್ಕಡಿ ಉದ್ದದ ತೊಟ್ಟಿ, ಅದರಲ್ಲಿ ಉಪ್ಪುನೀರು, ಕಲ್ಲು, ನಾಲ್ಕು ಮೀನು, ಒಂದಿಷ್ಟು ಬಸವನಹುಳು, ನಡುವೆ ಒಂದು ಹವಳ. ಉಂಗುರಕ್ಕೆ ಕೂರಿಸುವ ಕಲ್ಲಲ್ಲ, ಉಸಿರಾಡುವ ಹವಳ. ಓದುವಾಗ ಒಂದೇ ಬಾಯಿಯ ಹೆಬ್ಬೆರಳು ಗಾತ್ರದ ತುಂಡು ತಂದಿದ್ದಳು. ಆರು ವರ್ಷದಲ್ಲಿ ಇಪ್ಪತ್ತಮೂರು ಬಾಯಿ ಒಡೆದು, ಹಸಿರು ಬೆರಳು ಚಾಚಿಕೊಂಡು ಊಟದ ತಟ್ಟೆಯಷ್ಟಗಲ ಬೆಳೆದಿತ್ತು. ಮದುವೆಯ ಮಾತೆತ್ತಿದರೆ "ಅವರ ಮನಿಯಾಗ ತೊಟ್ಟಿ ಇಡಾಕ ಜಾಗ ಐತೇನು ಮೊದ್ಲು ಕೇಳ್ರಿ" ಎನ್ನುವಳು. ತಮಾಷೆಗೆ ಹೇಳುತ್ತಿರಲಿಲ್ಲ.

ಒಂದು ಭಾನುವಾರ ತೊಟ್ಟಿಗೆ ಹೊಸ ಎಲ್‌ಇಡಿ ದೀಪ ಕೂರಿಸಿದಳು. "ನೂರಕ್ಕ ಇಪ್ಪತ್ತು ಇಟ್ಟೀನಿ. ಬೆಳಕು ಒಮ್ಮಿಗೇ ಹೆಚ್ಚಾದ್ರ ಹವಳ ಬಿಳುಚಿಕೊಂಡು ಸಾಯ್ತೈತಿ. ನಾ ಹೇಳಿದಾಗ, ನಾ ಹೇಳಿದಷ್ಟ ತಿರುವು" ಎಂದು ಹೇಳಿ ಮಡಕಶಿರಾಕ್ಕೆ ಹೋದಳು. ಸೋಮವಾರ ಬೆಳಿಗ್ಗೆ ಹೊಸ ಬೆಳಕಿನಲ್ಲಿ ಹವಳ ಎಷ್ಟು ಚೆಂದ ಆಡುತ್ತಿತ್ತೆಂದರೆ, ಅಂಗಡಿಗೆ ಬರುವವರಿಗೆ ತೋರಿಸೋಣವೆಂದು ಒಂದು ಫೋಟೊ ತೆಗೆದುಕೊಂಡೆ.

ಅದೇ ದಿನ ಮಧ್ಯಾಹ್ನ ನೀರು ತಿರುಗಿಸುವ ಪಂಪು ನಿಂತಿತು. ಮುಷ್ಟಿಯಷ್ಟು ಪಂಪು, ಇಪ್ಪತ್ತನಾಲ್ಕು ವೋಲ್ಟಿನದು, ನೀರಿನಲ್ಲಿ ಕೈ ಇಟ್ಟರೂ ಶಾಕ್ ಹೊಡೆಯುವಂಥದ್ದಲ್ಲ. ಒಳಗಿನ ಕಾಯಿಲು, ಅಂದರೆ ತಂತಿಯ ಸುರುಳಿ, ಸುಟ್ಟಿತ್ತು.

"ರೇವತಿಗೆ ಫೋನ್ ಮಾಡ್ರಿ, ಹೊಸಾದು ತರಸ್ತಾಳ" ಎಂದಳು ನನ್ನ ಹೆಂಡತಿ ಮಂಜಮ್ಮ.

"ಹದಿನೈದು ಎಚ್‌ಪಿ ಮೋಟಾರು ಕಟ್ಟಾಂವ ಈ ಆಟಿಗಿ ಸಾಮಾನಿಗೆ ಮಗಳ ಕಾಲು ಹಿಡೀಬೇಕೇನು?"

"ಆತು ಬಿಡ್ರಿ. ನೀವು ಕೈ ಹಾಕಿದ ಮ್ಯಾಲ ಅದು ಆಕಾಶಕ್ಕ ಹಾರಿದ್ರೂ ಹಾರೀತು."

ಆ ಮಾತು ನನ್ನನ್ನು ಇನ್ನಷ್ಟು ಕೆರಳಿಸಿತು. ಪಂಪನ್ನು ಅಂಗಡಿಗೆ ಒಯ್ದು, ತಯಾರಿಸಿದವರು ಒಳಗೆ ತುಂಬಿದ್ದ ಗಟ್ಟಿ ಅಂಟನ್ನು ಉಳಿಯಿಂದ ಒಡೆದು ತೆಗೆದೆ. ಸಣ್ಣ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಸಂದಿಗೆ ಎಂ-ಸೀಲ್ ಅಂಟು ಮೆತ್ತಿದೆ. ಬೋರಿನ ಮೋಟಾರಿನಲ್ಲಿ ಸುತ್ತಿದ ತಂತಿ ವರ್ಷಗಟ್ಟಲೆ ನೀರಿನಲ್ಲೇ ಮುಳುಗಿರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ನೀರಿಗೂ ತಂತಿಗೂ ಜಗಳವಿಲ್ಲ ಎಂಬುದೇ ನನ್ನ ಲೆಕ್ಕ. ಪಂಪು ಜುಂಯ್ ಎಂದು ತಿರುಗಿತು. ಮಗಳಿಗೆ ಹೇಳಲಿಲ್ಲ. ಶನಿವಾರ ಬಂದಾಗ ತೋರಿಸಿ ಬಾಯಿ ಮುಚ್ಚಿಸಬೇಕೆಂದಿದ್ದೆ.

ಬುಧವಾರ ಬೆಳಿಗ್ಗೆ ಹವಳ ಬೆರಳು ಒಳಗೆಳೆದುಕೊಂಡಿತ್ತು. ಹತ್ತು ಗಂಟೆಗೂ ಹೊರಗೆ ಚಾಚಲಿಲ್ಲ, ಮಧ್ಯಾಹ್ನಕ್ಕೂ ಚಾಚಲಿಲ್ಲ. ರೇವತಿಗೆ ಫೋನ್ ಮಾಡಿದೆ.

"ಹೊಸ ದೀಪ ತಡಕೊಳ್ಳಾಕ ಆಗವಲ್ದು" ಎಂದಳು. "ಹತ್ತಕ್ಕ ಇಳಸು. ತೊಟ್ಟಿ ಮ್ಯಾಲ ಸೊಳ್ಳಿ ಪರದಿ ಬಟ್ಟಿ ಎರಡು ಮಡಿ ಹಾಸು." ಆಮೇಲೆ ಕೇಳಿದಳು: "ಅಪ್ಪಾ, ಬ್ಯಾರೆ ಏನಾದ್ರು ಮುಟ್ಟೀಯೇನು?"

"ಏನಿಲ್ಲವ್ವಾ" ಎಂದೆ.

ನಾಲಿಗೆ ಯಾಕೆ ಹಾಗೆ ಹೊರಳಿತೋ! ಪಂಪಿಗೂ ಇದಕ್ಕೂ ಸಂಬಂಧವಿಲ್ಲ ಎಂದೇ ಆಗ ನಂಬಿದ್ದೆ. ಹಾಗಿದ್ದರೂ ಅವಳು "ನಾ ಹೇಳಿರಲಿಲ್ಲೇನು" ಎನ್ನುವುದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ದೀಪ ಇಳಿಸಿ, ಪರದೆ ಹಾಸಿ ಕುಳಿತೆ. ತಪ್ಪೆಲ್ಲ ದೀಪದ್ದು ಎಂದುಕೊಂಡರೆ ಸಮಾಧಾನವಾಗುತ್ತಿತ್ತು. ಅದನ್ನು ಮಾಡಿದ ಕಂಪನಿಯವರ ವಂಶವನ್ನೆಲ್ಲ ಬೈದೆ.

ಗುರುವಾರ ಇನ್ನೂ ಕೆಟ್ಟಿತು. ಬಾಯಿಗಳು ಬತ್ತಿ, ಅಂಚಿನಲ್ಲಿ ಬಿಳಿ ಮೂಳೆ ಇಣುಕುತ್ತಿತ್ತು. ಎರಡು ಬಸವನಹುಳು ಗಾಜು ಬಿಟ್ಟು ಕೆಳಗೆ ಅಂಗಾತ ಬಿದ್ದಿದ್ದವು. ಅಂಗಡಿಯಲ್ಲಿ ಬೊಮ್ಮನಹಾಳಿನ ತಿಪ್ಪೇಸ್ವಾಮಿ ಮೋಟಾರು ಬೇಕೆಂದು ಕಾದು ಕುಳಿತಿದ್ದ. ಅವನ ಮೇಲೂ ಹಾರಿಬಿದ್ದೆ. ಅಷ್ಟರಲ್ಲಿ ಮಗಳ ಫೋನು.

"ನಿದ್ದಿ ಬಂದಿಲ್ಲಪ್ಪ ನಂಗ. ಹೆಂಗೈತಿ? ಈಗ ಒಂದು ಫೋಟೊ ಕಳಸು."

ಇದ್ದದ್ದನ್ನು ಇದ್ದ ಹಾಗೆ ಕಳಿಸಿದರೆ ಅಳುತ್ತಾಳೆ, ಕೆಲಸ ಬಿಟ್ಟು ಓಡಿಬರುತ್ತಾಳೆ, ಬಂದರೆ ಪಂಪು ನೋಡುತ್ತಾಳೆ. ಇವೆಲ್ಲ ಒಟ್ಟಿಗೇ ತಲೆಯಲ್ಲಿ ಗಿರಕಿ ಹೊಡೆದವು. ನಾಳೆಯ ಹೊತ್ತಿಗೆ ಅದೇ ಸುಧಾರಿಸೀತು ಎಂದುಕೊಂಡು, ಸೋಮವಾರದ ಫೋಟೊ ಕಳಿಸಿಬಿಟ್ಟೆ.

ಫೋನಿನಲ್ಲಿ ಅವಳ ಕೂಗು ಕೇಳಬೇಕಿತ್ತು. "ಅಪ್ಪಾ! ಪೂರ್ತಿ ಅರಳೈತಲ್ಲೋ! ದೀಪ ಇಳಿಸಿದ್ದು ಚಲೋ ಆತು. ಆದ್ರ ಕತ್ತಲಾಗ ಭಾಳ ದಿನ ಇಟ್ರ ಉಪವಾಸ ಬೀಳ್ತೈತಿ. ಪರದಿ ತೆಗದು ಮೂವತ್ತಕ್ಕ ಏರಿಸು."

ಬೇಡ ಎನ್ನುವುದು ಹೇಗೆ? ಅರಳಿದೆ ಎಂದು ತೋರಿಸಿದವನು ನಾನೇ. ಅಂಗಡಿಯಿಂದ ಮನೆಗೆ ಬಂದೆ. ಮಂಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪರದೆ ಎಳೆದೆ. ಗುಂಡಿಯನ್ನು ಮೂವತ್ತಕ್ಕೆ ತಿರುಗಿಸಿದೆ. ಆ ಬಿಳಿ ಬೆಳಕು ಬತ್ತಿದ ಬಾಯಿಗಳ ಮೇಲೆ ಬಿದ್ದಾಗ ಬೆನ್ನು ತಿರುಗಿಸಿ ಅಂಗಡಿಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಹವಳದ ಮಾಂಸ ಪದರ ಪದರವಾಗಿ ಕಳಚಿ ನೀರಿನಲ್ಲಿ ತೇಲುತ್ತಿತ್ತು. ಆಗ ಹೆದರಿದೆ. ನಿಜವಾಗಿ ಹೆದರಿದೆ. ಫೋನ್ ಮಾಡಿದಾಗ ರೇವತಿ ರೊಳ್ಳದ ಕಡೆ ಒಂದು ಕೆರೆಯ ಏರಿಯ ಮೇಲಿದ್ದಳು.

"ತಾಯೀ, ಹೋಗಾಕತ್ತೈತಿ" ಎಂದೆ.

ಅವಳು ಅಳಲಿಲ್ಲ. ಒಂದೊಂದೇ ಕೇಳಿದಳು. "ಮೀನು?"

"ಚಲೋ ಅದಾವ. ಕಾಳು ತಿಂತಾವ."

"ಬಸವನಹುಳ?"

"ಎಲ್ಲಾ ಬಿದ್ದಾವ."

ಅವಳು ಲೆಕ್ಕ ಹಾಕಿದಳು. "ಮೀನು ಚಲೋ ಇದ್ದು, ಹುಳ ಸತ್ತು, ಹವಳ ಸಾಯಾಕತ್ರ ಅದು ಬೆಳಕಲ್ಲಪ್ಪ, ತಾಮ್ರ. ಒಂದು ಚೂರು ತಾಮ್ರ ಉಪ್ಪುನೀರಾಗ ಕರಗಿದ್ರ ಇವಕ್ಕ ವಿಷ. ಆದ್ರ ನಮ್ಮ ತೊಟ್ಟಿಗೆ ತಾಮ್ರ ಎಲ್ಲಿಂದ ಬರಬೇಕು?"

ತಾಮ್ರ ನನ್ನ ಅನ್ನ. ಮೂವತ್ತೊಂದು ವರ್ಷ ಅದನ್ನೇ ಸುತ್ತಿ ಇವಳನ್ನು ಓದಿಸಿದೆ. ಪಂಪನ್ನು ನೀರಿನಿಂದ ಎಳೆದೆ. ಎಂ-ಸೀಲ್ ಬಿರುಕು ಬಿಟ್ಟಿತ್ತು, ಬಿರುಕಿನ ತುಂಬ ಹಸಿರು ಕಿಲುಬು.

"ಪಂಪು ಸುಟ್ಟಿತ್ತು. ನಾನ ಕಟ್ಟಿದೆ" ಎಂದೆ. "ಸೋಮವಾರ."

ಬೈಯಲಿ ಎಂದು ಕಾದೆ, ಬೈಯಲಿಲ್ಲ. "ಪಂಪು ಹೊರಗ ಒಗಿ. ಬಿಳಿ ಡ್ರಮ್ಮಿನಾಗ ಕಲಸಿಟ್ಟ ಉಪ್ಪುನೀರೈತಿ, ಹಳೇದು ಅರ್ಧ ತೆಗದು ಅದನ್ನ ಹಾಕು. ಕಪಾಟಿನಾಗ ಕರೀ ಇದ್ದಿಲ ಚೀಲ ಐತಿ, ನೀರಾಗ ಇಳಿಬಿಡು, ವಿಷ ಹೀರ್ತೈತಿ. ದೀಪ ಆರಿಸು. ನಾ ಬರಾಕತ್ತೀನಿ."

ಅಂಗಡಿ ತೆರೆಯಲಿಲ್ಲ. ಮಂಜಮ್ಮ ಕೊಡ ತುಂಬಿ ಕೊಟ್ಟಳು, ನಾನು ಸುರಿದೆ. ಇಳಿಹೊತ್ತಿಗೆ ರೇವತಿ ಬಂದಳು. ಟಾರ್ಚು ಹಿಡಿದು ಒಂದೊಂದೇ ಬಾಯಿ ಎಣಿಸಿದಳು. ಇಪ್ಪತ್ತಮೂರರಲ್ಲಿ ಇಪ್ಪತ್ತು ಬರೀ ಮೂಳೆ. ಮೂರರಲ್ಲಿ ಮಾತ್ರ ಸ್ವಲ್ಪ ಹಸಿರು ಉಳಿದಿತ್ತು. ಆ ಮೂರನ್ನು ಸಣ್ಣ ಗರಗಸದಿಂದ ಬೇರೆ ಮಾಡಿ, ತೊಟ್ಟಿಯ ನೆರಳಿನ ಮೂಲೆಯಲ್ಲಿ ಕೂರಿಸಿ, ನೆಲದ ಮೇಲೆ ಕುಸಿದು ಕುಳಿತಳು.

"ಪಂಪಿಂದಲ್ಲಪ್ಪ" ಎಂದಳು. ನನಗೆ ಅರ್ಥವಾಗಲಿಲ್ಲ. "ಗುರುವಾರದ ತನಕ ತಾಮ್ರ ತಡಕೊಂಡಿತ್ತು. ಫೋಟೊದಾಗ ನೋಡಿದೆನಲ್ಲ, ಅಷ್ಟು ಚೆಂದ ಅರಳಿತ್ತು. ಸೋತ ಜೀವದ ಮ್ಯಾಲ ಮೂವತ್ತರ ಬೆಳಕು ಹಾಕಿಸಿದಾಕಿ ನಾನು. ಓದಿದಾಕಿ ನಾನು. ನಾನ ಕೊಂದೆ." ಈಗ ಅತ್ತಳು. ಮೊಣಕಾಲಿಗೆ ಮುಖ ಒತ್ತಿ ಬಿಕ್ಕಿದಳು.

ಮಂಜಮ್ಮ ಅವಳ ತಲೆ ಸವರುತ್ತ "ನಿಂದೇನು ತಪ್ಪಿಲ್ಲವ್ವಾ, ಬಿಡು" ಎನ್ನುತ್ತ ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಿತ್ತು. ಗುರುವಾರ ಬತ್ತಿದ ಹವಳದ ಮೇಲೆ ನಾನು ದೀಪ ಏರಿಸಿದ್ದನ್ನು ಬಾಗಿಲಲ್ಲಿ ನಿಂತು ಕಂಡಿದ್ದಳು. ನಾನು ಸುಮ್ಮನಿದ್ದರೆ ಅವಳೂ ಸಾಯುವ ತನಕ ಸುಮ್ಮನಿರುತ್ತಾಳೆ. ಪಂಪಿನ ತಪ್ಪು ಒಪ್ಪಿಕೊಂಡು ಆಗಿತ್ತು. ಮಗಳು ಅದನ್ನು ಕ್ಷಮಿಸಿಯೂ ಆಗಿತ್ತು. ಒಂದು ಗಳಿಗೆ ಹಾಗೇ ಇರಲಿ ಅನಿಸಿತು. ಅನಿಸಲಿಲ್ಲ ಎಂದರೆ ಸುಳ್ಳಾದೀತು.

ಆದರೆ ಆ ಬಿಕ್ಕು ಕೇಳಲಾಗಲಿಲ್ಲ. ಫೋನು ತೆಗೆದು ಆ ಫೋಟೊ ತೋರಿಸಿ, ಕೆಳಗಿದ್ದ ತಾರೀಖಿನ ಮೇಲೆ ಬೆರಳಿಟ್ಟೆ. "ಇದು ಸೋಮವಾರದ್ದು. ಪಂಪು ಸುಡೋಕ್ಕಿಂತ ಮೊದ್ಲು ತೆಗದದ್ದು. ಗುರುವಾರ ಅದು ಆಗ್ಲೇ ಬತ್ತಿತ್ತು. ನಾ ನಿಂಗ ಸುಳ್ಳು ತೋರಿಸಿದೆ. ನೀ ಏರಿಸು ಅಂದಿ, ನಾ ನೋಡಿಕೋತ ಏರಿಸಿದೆ."

ರೇವತಿ ತಾರೀಖನ್ನು ನೋಡಿದಳು. ಮುಖದಲ್ಲಿ ಸಿಟ್ಟು ಬಂದರೆ ಹೊತ್ತುಕೊಳ್ಳಬಹುದಿತ್ತು. ಬಂದದ್ದು ಸಿಟ್ಟಲ್ಲ, ಯಾರೋ ಹೊರಗಿನವರನ್ನು ನೋಡಿದ ಹಾಗೆ ನನ್ನನ್ನು ನೋಡಿದಳು. ಅರವತ್ತರ ಹತ್ತಿರ ಬಂದ ನಾನು ಅಂಥ ನೋಟವನ್ನು ಯಾರಿಂದಲೂ ಪಡೆದಿರಲಿಲ್ಲ.

ಎದ್ದು ಮುಖ ತೊಳೆದು ಬಂದಳು. ಫೋನನ್ನು ನನ್ನ ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಮೂರು ಬಾಯಿಗಳ ಮೇಲೆ ಟಾರ್ಚು ಹಿಡಿದಳು.

"ಈಗಿಂದು ತೆಗಿ" ಎಂದಳು. "ಹೆಂಗೈತೋ ಹಂಗ."

ಮೊದಲನೆಯದು ಮಸುಕಾಯಿತು. ಇನ್ನೊಂದು ತೆಗೆದೆ.

"ನಾ ನಾಳೆ ಕೆಲಸಕ್ಕ ಹೋಗ್ತೀನಿ. ದಿನಾ ಮುಂಜಾನೆ ನಂಗ ಇಂಥಾದ್ದೊಂದು ಕಳಸು. ಸತ್ರ, ಸತ್ತದ್ದರದೂ ಕಳಸು."

"ಕಳಸ್ತೀನಿ" ಎಂದೆ.

"ತಾರೀಖು ಕಾಣಂಗ" ಎಂದಳು.