ಗುರುಮನೆಗೆ ಹೋದ ಕಲ್ಲಂಗಡಿ

ನನ್ನ ಮಾವ ಮಹಾರುದ್ರಪ್ಪನವರು ಯಾವುದಕ್ಕೂ ಇಲ್ಲ ಎನ್ನುವವರಲ್ಲ, ಷರತ್ತು ಹಾಕುವವರು. ಅರವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯವರು, ಬೇಸಿಗೆ ರಜೆ ಮುಗಿದ ಮೇಲೆ ವಿಜ್ಞಾನ ಕಲಿಸಲು ಬನ್ನಿ ಎಂದು ನನ್ನನ್ನು ಕರೆದಾಗಲೂ ಅವರು ಇಲ್ಲ ಎನ್ನಲಿಲ್ಲ. ಬಸವಕಲ್ಯಾಣದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದಾದ ಕೆಲಸ. ಬಿ.ಎಸ್ಸಿ. ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದ ನನಗೆ ಅದು ಬೇಕೇಬೇಕಿತ್ತು.

"ಗಿಡಾ ಬಳ್ಳಿ ಓದೀಯಲ್ಲ," ಎಂದರು ಮಾವ, ಊಟದ ತಾಟಿನಿಂದ ತಲೆ ಎತ್ತದೆ. "ನಮ್ಮ ಹಿತ್ತಲದಾಗ ಒಂದು ಕಲ್ಲಂಗಡಿ ಬೆಳದು ತೋರಸು. ಕೊಯ್ದರ ಒಳಗ ಕೆಂಪಗಿರಬೇಕು. ಆಮ್ಯಾಲ ಮಂದಿ ಮಕ್ಕಳಿಗಿ ಕಲಸಾಕ ಹೋಗು."

ಕಲ್ಲಂಗಡಿ ಎಂದರೆ ಹೊಳೆಯ ಮರಳಿನಲ್ಲಿ ಬೆಳೆಯುವಂಥದ್ದು ಎಂದೇ ಎಲ್ಲರ ನಂಬಿಕೆ. ನಮ್ಮ ಹಿತ್ತಲೋ ಗಟ್ಟಿ ಕೆಂಪು ನೆಲ. ನನ್ನ ಗಂಡ ವೈಜನಾಥ ಮಾತ್ರ, "ಅಪ್ಪಾ ಒಪ್ಪಿದಂಗ ಆತಲ್ಲ," ಎಂದು ಸಂತೋಷಪಟ್ಟರು.

ಗುಣಿ ತೋಡಿ, ಮರಳು ಮತ್ತು ಹಳೆಯ ಗೊಬ್ಬರ ತುಂಬಿದೆ. ಪಕ್ಕದ ಮನೆಯ ತಾಹೇರಾ ಗೋಡೆಯ ಮೇಲಿಂದ ಬೀಜದ ಪೊಟ್ಟಣ ಕೊಟ್ಟಳು, ಜೊತೆಗೊಂದು ಮಾತನ್ನೂ. "ಹಣ್ಣು ಬಂದ್ರ ನಿನ್ನ ಓದು ಛಲೋ ಅಂತಿ. ಬರಲಿಲ್ಲಂದ್ರ ನನ್ನ ಬೀಜಾ ಖರಾಬ್ ಅಂತಿ. ನನಗ ಗೊತ್ತದ."

ಬಳ್ಳಿ ಹಬ್ಬಿತು. ಮೊದಲು ಬಂದ ಹೂವುಗಳೆಲ್ಲ ಗಂಡು ಹೂವುಗಳು, ಉದುರುವುದು ಸಹಜ ಎಂದು ಓದಿದ್ದರೂ ಉದುರಿದಾಗ ನನಗೆ ಊಟ ಸೇರಲಿಲ್ಲ. ಹೆಣ್ಣು ಹೂವುಗಳು ಬುಡದಲ್ಲಿ ಪುಟ್ಟ ಕಾಯಿ ಹೊತ್ತು ಬಂದ ಮೇಲೆ ಜೇನುಹುಳುಗಳ ಮೇಲೂ ನಂಬಿಕೆ ಉಳಿಯಲಿಲ್ಲ. ಒಂದು ಬೆಳಿಗ್ಗೆ ನಾನೇ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರುತ್ತಿದ್ದಾಗ ಅತ್ತೆ ತುಳಜಾಬಾಯಿ ಕಂಡರು.

"ಏನ್ ಮಾಡಾಕತ್ತೀ ಶಕುಂತಲಾ?"

"ಹೂವಿಗಿ ಹೂವು ಕೂಡಸಾಕತ್ತೇನ್ರಿ. ಹಾಂಗ ಮಾಡಿದ್ರ ಕಾಯಿ ನಿಲ್ತದ."

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಕಾಲೇಜಿನ್ಯಾಗ ಇದನ್ನೇನು ಕಲಸೂದು? ಹೋಗ್ಲಿ, ತಲಿ ಮ್ಯಾಲ ಸೆರಗರ ಹೊತ್ಕೊಂಡು ಮಾಡು."

ನಿಂತ ಕಾಯಿಗಳಲ್ಲಿ ಒಂದನ್ನೇ ಉಳಿಸಿ ಉಳಿದವನ್ನು ಚಿವುಟಿದೆ. ಬಳ್ಳಿಯ ಶಕ್ತಿಯೆಲ್ಲ ಒಂದಕ್ಕೇ ಹೋಗಲಿ ಎಂದು. ಅದರ ಕಡೆ ಬೆರಳು ಮಾಡಿದರೆ ಕೊಳೆಯುತ್ತದೆ, ಮುಷ್ಟಿಯಿಂದ ತೋರಿಸಬೇಕು ಎಂದರು ಅತ್ತೆ. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೂ ಒಬ್ಬಳೇ ಇದ್ದಾಗ ಬೆರಳು ಮಡಿಚಿಕೊಂಡೇ ಬಳ್ಳಿಯ ಹತ್ತಿರ ಹೋಗುತ್ತಿದ್ದೆ.

ವೈಶಾಖದ ಹೊತ್ತಿಗೆ ಕಾಯಿ ಮಡಿಲು ತುಂಬುವಷ್ಟು ದೊಡ್ಡದಾಯಿತು. ತೊಟ್ಟಿನ ಪಕ್ಕದ ಸುರುಳಿ ಕುಡಿ ಒಣಗಿದರೆ ಹಣ್ಣಾಯಿತೆಂದು ಗುರುತು. ಅದಿನ್ನೂ ಹಚ್ಚಗಿತ್ತು. ಇನ್ನೂ ಎರಡು ಮೂರು ವಾರ ಬೇಕು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಮಾವ ಅಂಗಡಿಯಿಂದ ಬಂದು ಹೇಳಿದರು: "ನಾಳಿ ಹರಿಯೋಣು. ಘಾಟಬೋರಾಳದ ಅಯ್ಯನವರು ನಾಡಿದ್ದ ಯಾತ್ರಾಕ್ಕ ಹೊಂಟಾರ."

ಆಗಲೇ ನನಗೆ ತಿಳಿದದ್ದು. ಈ ಮನೆಯಲ್ಲಿ ಯಾವ ಬಳ್ಳಿಯದಾದರೂ ಮೊದಲ ಕಾಯಿ ಇಡಿಯಾಗಿ ಗುರುಮನೆಗೆ ಹೋಗಬೇಕು. ಅಲ್ಲಿ ಮನೆತನದ ಗುರುಗಳಾದ ಅಯ್ಯನವರೇ ಅದನ್ನು ಕೊಯ್ಯಬೇಕು. ನನ್ನ ತವರಿಗೆ ಹಿತ್ತಲೇ ಇರಲಿಲ್ಲ, ಈ ಪದ್ಧತಿ ಗೊತ್ತಾಗುವುದಾದರೂ ಹೇಗೆ.

"ಇನ್ನಾ ಬಲಿತಿಲ್ರಿ," ಎಂದೆ. "ಮತ್ತ ಇದ್ದದ್ದು ಇದೊಂದೇ."

"ಒಂದ ಉಳಿಸಿದಾಕಿ ನೀನ," ಎಂದರು ಅತ್ತೆ.

ಮಾವ ಖುಷಿಯಲ್ಲಿದ್ದರು. "ನೀನೂ ಬಾ. ಒಳಗ ಹ್ಯಾಂಗದ ಅಂತ ಇಬ್ಬರೂ ಅಲ್ಲೇ ನೋಡೋಣು."

ಬಸ್ಸಿನಲ್ಲಿ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹುಮನಾಬಾದಿನಲ್ಲಿ ಶಾಲೆಯ ಗೇಟು ಕಂಡಿತು, ರಜೆಯ ಬೀಗ ಹಾಕಿಕೊಂಡು. ಮಾವನೂ ನೋಡಿದರು, ಕೆಮ್ಮಿದರು.

ಗುರುಮನೆಯಲ್ಲಿ ಭಕ್ತರು ಸಾಲಾಗಿ ಕುಳಿತಿದ್ದರು. ವಯಸ್ಸಾದ ಅಯ್ಯನವರು ಕಾಯಿಗೆ ವಿಭೂತಿ ಹಚ್ಚಿ ಚಾಕು ಇಟ್ಟರು. ಮಾಗಿದ ಹಣ್ಣು ಚಾಕು ತಾಗುತ್ತಲೇ ತಾನಾಗಿ ಬಿರಿಯುತ್ತದೆ. ಇದನ್ನು ಕೊನೆಯವರೆಗೂ ಒತ್ತಿ ಕೊಯ್ಯಬೇಕಾಯಿತು. ಒಳಗೆ ಸೌತೆಕಾಯಿಯ ಬಿಳುಪು. ಬೀಜಗಳೂ ಬಿಳಿ.

ಮಾವನ ಮುಖದಲ್ಲಿ ನಗು ಮೂಡತೊಡಗಿತು.

ಅಯ್ಯನವರು ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ಸಕ್ರಿ ಆಗ್ಯದ ನೋಡು, ಮಹಾರುದ್ರಪ್ಪಾ. ಯಾರು ಬೆಳದದ್ದು?"

"ನಮ್ಮ ಸೊಸಿರಿ."

ಅಯ್ಯನವರ ಕೈಯಿಂದ ಬಂದದ್ದು ಪ್ರಸಾದ. ಪ್ರಸಾದದಲ್ಲಿ ಕೊರತೆ ಹುಡುಕುವುದೂ ಇಲ್ಲ, ಉಳಿಸಿ ಬಿಡುವುದೂ ಇಲ್ಲ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕಣ್ಣಿಗೊತ್ತಿಕೊಂಡು ತಿಂದರು.

"ಏನ್ ಸಿಹಿ ಅದ್ರಿ," ಎಂದಳು ಸೋನುಬಾಯಿ ಎಂಬ ಮುದುಕಿ.

"ಬಣ್ಣಾರ ನೋಡು, ಕುಂಕುಮ ಇದ್ದಂಗ," ಎಂದರು ಅವಳ ಪಕ್ಕದವರು.

ಮನೆಯ ಹಿರಿಯರೆಂದು ಮಾವನವರಿಗೆ ದೊಡ್ಡ ಹೋಳು ಬಂತು. ಸಿಪ್ಪೆಯವರೆಗೂ ತಿನ್ನಬೇಕಾಯಿತು. ತಿಂದು ಮುಗಿಸಿದ ಮೇಲೆ ಅಯ್ಯನವರು ಪ್ರೀತಿಯಿಂದ ಕೇಳಿದರು: "ಹ್ಯಾಂಗಿತ್ತು?"

ಮಾವ ನನ್ನನ್ನು ನೋಡಿದರು. ಕೈ ಮುಗಿದುಕೊಂಡು ಅಯ್ಯನವರನ್ನು ನೋಡಿದರು.

"ಕೆಂಪಗಿತ್ರಿ," ಎಂದರು.

ನನ್ನ ಪಾಲಿನ ತುಂಡನ್ನು ನಾನೂ ತಿಂದೆ. ಹಸಿ ಸೋರೆಕಾಯಿಯ ರುಚಿ. ನನ್ನನ್ನು ಯಾರೂ ಕೇಳಲಿಲ್ಲ.

ತಿರುಗಿ ಬರುವಾಗ ಬಸ್ಸು ಹುಮನಾಬಾದು ದಾಟಿತು. ಮಾವ ಕಿಟಕಿಯ ಕಡೆ ಮುಖ ಮಾಡಿ, "ಸಾಲಿ ತೆರದ ದಿನದಿಂದಾನೇ ಹೋಗು," ಎಂದರು.

"ಹೂಂ ರಿ."

"ಮಕ್ಕಳಿಗಿ ಏನ್ ಬೇಕಾದ್ದು ಕಲಸು. ಬಣ್ಣ ಮಾತ್ರ ಕಲಸಬ್ಯಾಡ."