ಗಡಿಯಾಚೆ ಕುಡಿದ ಬಿಯರು

ಕರ್ನಾಟಕದ ಗಡಿಗೆ ಅಂಟಿದ ತಮಿಳುನಾಡಿನ ಜೂಜುವಾಡಿಯ ಬಾಡಿಗೆ ಕೋಣೆಯಲ್ಲಿ ವಾಸು ಒಬ್ಬನೇ ಇದ್ದ. ಹೆಂಡತಿ ಭಾನು ಮಗಳು ಸಹನಾಳನ್ನು ಕರೆದುಕೊಂಡು ರಾಯಕೋಟೆಯ ತವರಿಗೆ ಹೋಗಿಬಿಟ್ಟಿದ್ದಳು. ಫ್ಯಾಕ್ಟರಿಯಿಂದ ಬಂದರೆ ಒಂದು ಮಾತಿಗೂ ಜನವಿಲ್ಲ. ಒಬ್ಬನಿಗೇ ತಟ್ಟೆ ಹಾಕಿಕೊಳ್ಳಲು ಮನಸ್ಸಾಗದೆ ಪಾತ್ರೆಯಲ್ಲೇ ಉಂಡು ಮಲಗುತ್ತಿದ್ದ.

ಅವಳು ಸುಮ್ಮನೆ ಹೋಗಿರಲಿಲ್ಲ. ಇವನು ಕುಡಿದು ಬೈಕು ಓಡಿಸಿ ಮೂವರನ್ನೂ ಬೀಳಿಸಿದ್ದ. ಮಗಳ ಕೈ ಮುರಿದಿತ್ತು. ತಾನು ಕುಡಿದದ್ದು ಒಂದೇ ಬಾಟಲಿ, ತಪ್ಪೆಲ್ಲ ರಸ್ತೆಯ ಗುಂಡಿಯದು ಎಂದು ವಾಸುವಿನ ವಾದ. ಪಾಪ, ಗುಂಡಿಗೆ ಬಾಯಿಲ್ಲ.

ಒಂದು ರಜೆಯ ಮಧ್ಯಾಹ್ನ ಅವರನ್ನು ಕರೆತರಲು ಹೊರಟ. ಮಾವನ ಮುಂದೆ ನಿಲ್ಲಲು ಧೈರ್ಯ ಬೇಕಲ್ಲ, ಮೊದಲು ಗಡಿ ದಾಟಿ ಅತ್ತಿಬೆಲೆ ಕಡೆಗೆ ನಡೆದುಹೋಗಿ ಒಂದು ಬಿಯರು ಕುಡಿದು ಬಂದ. ಬೈಕು ಹತ್ತುವಾಗ ಪಕ್ಕದ ಮನೆಯ ಉಮಾಶಂಕರ್ ತಡೆದ. ಉಮಾಶಂಕರ್ ಕಂಪನಿ ಬಸ್ಸಿನ ಡ್ರೈವರಾಗಿದ್ದವನು. ಕುಡಿದು ಓಡಿಸಿ ಸಿಕ್ಕಿಬಿದ್ದು, ಲೈಸೆನ್ಸು ಅಮಾನತಾಗಿ, ಕೆಲಸವೂ ಹೋಗಿ ಮನೆಯಲ್ಲಿದ್ದ. ಜೊತೆಗಾರರೂ ಈಗ ಇತ್ತ ಸುಳಿಯುತ್ತಿರಲಿಲ್ಲ.

"ಕುಡ್ದಿದ್ದು ಕರ್ನಾಟಕದಾಗೆ ಅಣ್ಣ. ಈ ಕಡೆ ಪೊಲೀಸ್ನೋರು ಕೇಳಂಗಿಲ್ಲ. ಒಂದು ಬಿಯರು ಲೆಕ್ಕಕ್ಕೇ ಬರಲ್ಲ," ಎಂದ ವಾಸು. ಗಡಿಯ ಟೀ ಅಂಗಡಿಗಳಲ್ಲಿ ಹುಟ್ಟಿದ ಕಾನೂನು ಅದು.

"ನಾನೂ ಹಂಗೇ ಅಂದ್ಕೊಂಡಿದ್ದೆ ಕಣ್ಲಾ. ಕಾನೂನು ದೇಶಕ್ಕೆಲ್ಲ ಒಂದೇ. ನೂರು ಮಿಲಿ ರಕ್ತದಾಗೆ ಮೂವತ್ತು ಮಿಲಿಗ್ರಾಂ ಆಲ್ಕೋಹಾಲ್ ಮೀರಿದ್ರೆ ಕೇಸು. ಒಂದು ಬಿಯರಿಗೇ ಮೀರ್ಬೋದು."

ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಹದಿನೈದು ಸಾವಿರ ದಂಡ, ಅಥವಾ ಎರಡೂ. ಲೈಸೆನ್ಸಿಗೂ ಕುತ್ತು. ಎಲೆಅಡಿಕೆ ಜಗಿದರೂ ಪೊಲೀಸರು ಊದಿಸುವ ಮಿಷನ್ನು ಮೋಸ ಹೋಗುವುದಿಲ್ಲ ಎಂದೂ ಉಮಾಶಂಕರ್ ತಿಳಿಸಿದ. ಕೊನೆಗೆ ದನಿ ತಗ್ಗಿಸಿದ.

"ದಂಡ ಎಂಗೋ ಕಟ್ಬೋದು. ಮಗೂಗೆ ಇನ್ನೊಂದ್ಸಲ ಏನಾದ್ರೂ ಆದ್ರೆ ಅದನ್ನ ಯಾವ ಕೋರ್ಟಲ್ಲಿ ಕಟ್ತೀಯ?"

ವಾಸು ಬೈಕಿನ ಕೀಯನ್ನು ಉಮಾಶಂಕರನ ಕೈಗೆ ಕೊಟ್ಟು, ಹೊಸೂರಿಗೆ ಹೋಗಿ ರಾಯಕೋಟೆ ಬಸ್ಸು ಹತ್ತಿದ. ತುಂಬಿದ ಬಸ್ಸಿನಲ್ಲೂ ಅವನು ಒಂಟಿಯೇ. ಮನೆ ಖಾಲಿಯಾದದ್ದು ತನ್ನಿಂದಲೇ ಎಂದು ಅಲ್ಲಿ ಮೊದಲ ಸಲ ಅನ್ನಿಸಿ, ಕಿಟಕಿ ಕಡೆ ಮುಖ ತಿರುಗಿಸಿ ಅತ್ತ.

ಭಾನು ಬಾಗಿಲಲ್ಲೇ ನಿಂತು ಬೈಕು ಎಲ್ಲಿ ಎಂದು ಕೇಳಿದಳು.

"ಕುಡ್ದಿದ್ದೆ. ಅದಕ್ಕೇ ಬಸ್ಸಲ್ಲಿ ಬಂದೆ. ಅವತ್ತು ಮಗು ಬಿದ್ದಿದ್ದೂ ನನ್ನಿಂದಾನೇ."

ಸಹನಾ ಅಮ್ಮನ ಸೀರೆ ಹಿಡಿದು ಹಿಂದೆ ಸರಿದಳು. ಅಪ್ಪನ ಹತ್ತಿರ ಬರಲಿಲ್ಲ. ಅದನ್ನು ಕಂಡು ವಾಸು ಅಂಗಳದಲ್ಲೇ ಕುಸಿದು ಕೂತ.

"ಒಳಗೆ ಬಾ, ಊಟ ಮಾಡು," ಎಂದಳು ಭಾನು. "ನಾಳೆ ಮೂವರೂ ಬಸ್ಸಲ್ಲೇ ಹೋಗಣ. ಅವಳಿಗೆ ನಿನ್ನ ಭಯ ಹೋಗೋಗಂಟ ಬೈಕು ಬ್ಯಾಡ."

ಅಣ್ಣಂದಿರೇ, ತಮ್ಮಂದಿರೇ, ಎಷ್ಟು ಕುಡಿದರೆ ಮಿತಿಯೊಳಗೆ ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಕುಡಿದ ದಿನ ಗಾಡಿ ಮುಟ್ಟಬೇಡಿ. ಬಸ್ಸು ಹತ್ತಿ, ಆಟೋ ಹಿಡಿಯಿರಿ, ಕುಡಿಯದವರ ಕೈಗೆ ಕೀ ಕೊಡಿ. ಮನೆಯಲ್ಲಿ ಬಾಗಿಲು ತೆಗೆಯುವವರು ಇರುವಾಗಲೇ ಈ ಮಾತು ಕೇಳಿಸಿಕೊಳ್ಳಿ.